ಅಪ್ಪನ ಪಾಲಿಗೆ ಬಂದ ಪಕ್ಷ

ಬಾಯಿ ತುಂಬ ಮೊಳೆ ಇಟ್ಟುಕೊಂಡವನಿಗೆ ಸಿಟ್ಟು ಬಂದರೆ ಏನು ಮಾಡಬೇಕು? ನುಂಗುವ ಹಾಗಿಲ್ಲ, ಕಿರುಚುವ ಹಾಗಿಲ್ಲ. ಕುರ್ಚಿ, ಸೋಫಾಗಳಿಗೆ ಬಟ್ಟೆ ಬಡಿಯುವ ನಮ್ಮ ಕೆಲಸದಲ್ಲಿ ಒಂದು ಕೈ ಬಟ್ಟೆಯನ್ನು ಎಳೆದು ಹಿಡಿದಿರುತ್ತದೆ, ಇನ್ನೊಂದು ಕೈಯಲ್ಲಿ ಸುತ್ತಿಗೆ. ಮೊಳೆ ಕೊಡುವುದಕ್ಕೆ ಮೂರನೆಯ ಕೈ ಬೇಕಲ್ಲ, ಅದೇ ಬಾಯಿ. ಸಣ್ಣ ಮೊಳೆಗಳನ್ನು ಕೆನ್ನೆಯೊಳಗೆ ತುಂಬಿಕೊಂಡು ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಂದರೆ, ಅಯಸ್ಕಾಂತದ ಸುತ್ತಿಗೆ ಅದನ್ನು ಕಚ್ಚಿಕೊಂಡು ಹೋಗಿ ಮರಕ್ಕೆ ಇಳಿಸುತ್ತದೆ. ಈಗೀಗ ಪಿನ್ನು ಹೊಡೆಯುವ ಗನ್ ಬಂದಿದೆ. ನಮ್ಮ ಮಾಲೀಕ ಅದನ್ನು ಕೊಂಡಿಲ್ಲ. ಯಾಕೆಂದು ಕೇಳಿದರೆ, "ನಿನ್ನ ಬಾಯಿ ಮುಚ್ಚಿಸೋಕೆ ಬೇರೆ ದಾರಿ ಇಲ್ಲ ಕಣೋ" ಅನ್ನುತ್ತಾನೆ.

ಆತ ಹೇಳುವುದರಲ್ಲಿ ತಪ್ಪಿಲ್ಲ. ಕೈ ಅಡ್ಡ ಹಿಡಿದರೂ ನಿಲ್ಲಿಸದ ಬಸ್ಸಿನ ಮೇಲೆ ನನಗೆ ಸಿಟ್ಟು. "ಎಷ್ಟು ಓದಿದ್ದೀಯಪ್ಪ" ಎಂದು ಕೇಳಿ, ಉತ್ತರಕ್ಕೆ ಕಾಯದೆ ತಲೆಯಾಡಿಸುವವರ ಮೇಲೆ ಸಿಟ್ಟು. ಒಂಬತ್ತನೆಯ ತರಗತಿಯನ್ನು ಅರ್ಧಕ್ಕೆ ಬಿಟ್ಟು ಈ ಕೆಲಸಕ್ಕೆ ಸೇರಿದವನು ನಾನು. ಆ ವರ್ಷ ಅಪ್ಪನ ಸಲೂನು ಇದ್ದ ಕಟ್ಟಡವನ್ನು ಕೆಡವಿದರು. ಮನೆಗೆ ಇನ್ನೊಬ್ಬರ ಸಂಬಳ ಬೇಕಾಯಿತು. ಯಾರೂ ಬಲವಂತ ಮಾಡಲಿಲ್ಲ. ಬೇಡ ಎಂದು ತಡೆಯಲೂ ಇಲ್ಲ. ಸರ್ಕಾರವಂತೂ ನಮ್ಮ ಬೀದಿಯ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ.

ಅದೇ ಸರ್ಕಾರ ಈಗ ಎರಡು ವರ್ಷದಿಂದ ಹೇಳುತ್ತಿದೆ: ಕಾಲೇಜಿಗೆ ಸೇರುವ ಮಕ್ಕಳ ಶುಲ್ಕವನ್ನು ನಾವು ಕಟ್ಟುತ್ತೇವೆ. ಮನೆಯ ಯಜಮಾನ ಮಗುವನ್ನು ಕರೆದುಕೊಂಡು ಕಾಲೇಜಿನ ಕಚೇರಿಗೆ ಬಂದು, ಹೌದು ನಮಗೆ ನೆರವು ಬೇಕು ಎಂದು ಹೇಳಿದರೆ ಸಾಕು. ಈ ಸಲ, ಈ ತಿಂಗಳ ಕೊನೆಯೊಳಗೆ.

ನನ್ನ ತಂಗಿ ಹೋದ ತಿಂಗಳಷ್ಟೇ ಪರೀಕ್ಷೆ ಪಾಸಾಗಿ ಮನೆಯಲ್ಲಿ ಕೂತಿದ್ದಳು. ಶುಲ್ಕವನ್ನು ನಾವೇ ಕಟ್ಟುವುದು ಆಗದ ಮಾತು. ಅಪ್ಪ ನೆರವು ಕೇಳಿದರೆ ಅವಳಿಗೆ ಕಾಲೇಜು. ಕೇಳದಿದ್ದರೆ ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಆ ಅಂಗಡಿಯವನು ಆಗಲೇ ಎರಡು ಸಲ ಹೇಳಿಕಳಿಸಿದ್ದ.

ಅಪ್ಪ ಕೇಳುವುದಿಲ್ಲ ಎಂದು ಬೀದಿಗೆಲ್ಲ ಗೊತ್ತಿತ್ತು. "ನನ್ನ ಜನ್ಮದಲ್ಲಿ ಒಬ್ಬರ ಮುಂದೆ ಕೈ ಚಾಚಿಲ್ಲ. ಬಿಟ್ಟಿ ಅನ್ನೋದನ್ನ ಮುಟ್ಟಿಲ್ಲ" ಎಂದು ಅವನು ಈಗ ಮನೆಯಲ್ಲೇ ಇಟ್ಟುಕೊಂಡಿರುವ ಸಲೂನಿಗೆ ಬಂದ ಪ್ರತಿ ಗಿರಾಕಿಯ ಕಿವಿಗೆ ಹಾಕುತ್ತಿದ್ದ. ಕತ್ತರಿ ಕಿವಿಯ ಪಕ್ಕದಲ್ಲೇ ಆಡುತ್ತಿರುವಾಗ ಯಾರು ತಾನೇ ಇಲ್ಲ ಅನ್ನುತ್ತಾರೆ? ಊಟಕ್ಕೆ ಕೂತರೆ ನಾನೂ ಅದೇ ಪಲ್ಲವಿ. "ನನಗೆ ಯಾರು ಕೊಟ್ರು? ನಾನು ಹದಿನಾಲ್ಕಕ್ಕೇ ಸುತ್ತಿಗೆ ಹಿಡಿದೆ. ನನ್ನ ದುಡ್ಡಲ್ಲಿ ಯಾರೋ ಓದಬೇಕಂತೆ!" ಎದುರಿಗೆ ಕೂತ ತಂಗಿಯೇ ಆ 'ಯಾರೋ' ಎಂಬುದು ನನ್ನ ತಲೆಗೆ ಹೊಳೆಯುತ್ತಲೇ ಇರಲಿಲ್ಲ. ಅವಳು ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದಳು.

ಹೀಗಿರುವಾಗ ಅದೇ ಕಾಲೇಜಿನ ಸಭಾಂಗಣದ ಕುರ್ಚಿಗಳಿಗೆ ಹೊಸ ರೆಕ್ಸಿನ್ ಹಾಕುವ ಗುತ್ತಿಗೆ ನಮ್ಮ ಮಾಲೀಕನಿಗೆ ಸಿಕ್ಕಿತು. ಗುತ್ತಿಗೆ ಅವನಿಗೆ, ಕೆಲಸ ನನಗೆ.

ಆ ಕುರ್ಚಿಗಳನ್ನು ನೋಡಬೇಕಿತ್ತು. ಹಳೆಯ ಸ್ಪಂಜು ಮುಟ್ಟಿದರೆ ಹಳದಿ ಪುಡಿಯಾಗಿ ಉದುರುತ್ತಿತ್ತು. ಸೀಟಿನ ಅಡಿಯಲ್ಲಿ ಅಂಟಿಸಿಟ್ಟ ಚೂಯಿಂಗ್ ಗಮ್ಮು ಕಲ್ಲಾಗಿತ್ತು. ಹಿಂಬದಿಯ ಹಲಗೆಯಲ್ಲಿ ಯಾರೋ ಕೊರೆದಿದ್ದ ಬರಹ: 'ಇಲ್ಲಿ ಕೂತು ನಿದ್ದೆ ಮಾಡಿದೆ, ಕನಸಲ್ಲಿ ಪಾಸಾದೆ.' ಇದಕ್ಕೆ ಸರ್ಕಾರದ ದುಡ್ಡು ಬೇರೆ ಕೇಡು ಎಂದುಕೊಂಡೆ. ಆದರೂ ಪ್ರತಿ ಕುರ್ಚಿಯನ್ನೂ ಮಗುಚಿ ಹಾಕಿ ಏನು ಬರೆದಿದ್ದಾರೆ ಎಂದು ಓದದೆ ಬಿಡಲಿಲ್ಲ.

ಬಾಯಲ್ಲಿ ಮೊಳೆ ತುಂಬಿಕೊಂಡು ಕುರ್ಚಿಗಳ ಸಾಲಿನ ನಡುವೆ ನೆಲದ ಮೇಲೆ ಕೂತಿದ್ದೆ. ಆಗ ಒಬ್ಬ ಹುಡುಗಿ ಖಾಲಿ ವೇದಿಕೆ ಹತ್ತಿ, ಖಾಲಿ ಸಭೆಗೆ ಕೈ ಮುಗಿದು, ಗಂಟಲು ಸರಿಮಾಡಿಕೊಂಡಳು.

"ಮಾನ್ಯರೇ, ವಿದ್ಯಾರ್ಥಿಗಳ ಕಾಲೇಜು ಶುಲ್ಕಕ್ಕೆ ಸರ್ಕಾರ ನೆರವು ನೀಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಓದಿನ ಲಾಭ ಓದಿದವನಿಗೆ. ಖರ್ಚು ಮಾತ್ರ ಎಲ್ಲರಿಗೂ ಯಾಕೆ? ಬೆವರು ಸುರಿಸದೆ ಸಿಕ್ಕಿದ ಪದವಿಗೆ ಗೋಡೆಯ ಮೇಲಿನ ಚೌಕಟ್ಟಿನಷ್ಟೂ ಬೆಲೆಯಿಲ್ಲ..."

ನನ್ನ ಎದೆ ಹಿಗ್ಗಿತು. ಕಾಲೇಜಿನೊಳಗೇ ಒಬ್ಬಳು ನನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳುತ್ತಿದ್ದಾಳಲ್ಲ! ಬಾಯಿ ತೆರೆಯುವ ಹಾಗಿರಲಿಲ್ಲ. ಸುತ್ತಿಗೆಯಿಂದ ಹಲಗೆಗೆ ಟಕಟಕ ಬಡಿದು ಚಪ್ಪಾಳೆ ಕೊಟ್ಟೆ.

"ಯಾರದು?" ಹುಡುಗಿ ಬೆಚ್ಚಿದಳು.

ಎದ್ದು ನಿಂತು, ಮೊಳೆಗಳನ್ನು ಅಂಗೈಗೆ ಉಗಿದುಕೊಂಡೆ. "ಸರಿಯಾಗಿ ಹೇಳಿದ್ರಿ ನೋಡಿ! ಇಷ್ಟು ದಿನಕ್ಕೆ ಒಬ್ಬರಾದ್ರೂ ಹೇಳಿದ್ರಲ್ಲ!"

"ಅಯ್ಯೋ, ನನಗೆ ಬಂದಿರೋ ಪಕ್ಷ ಅದು ಅಣ್ಣ. ನಾನೇ ಸರ್ಕಾರದ ನೆರವಲ್ಲಿ ಓದ್ತಿರೋದು."

"ಅಣ್ಣ ಗಿಣ್ಣ ಅನ್ಬೇಡಿ. ಏನಂದ್ರಿ? ಹಾಗಾದ್ರೆ ಇಷ್ಟು ಹೊತ್ತು ಹೇಳಿದ್ದೆಲ್ಲ ಸುಳ್ಳಾ?"

"ಸುಳ್ಳಲ್ಲ, ಪಕ್ಷ." ಅವಳು ವೇದಿಕೆಯ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟಳು. ಚರ್ಚಾಸ್ಪರ್ಧೆ ಎಂದರೆ ಹಾಗೇ ಅಂತೆ. ಯಾರು ಪರ, ಯಾರು ವಿರೋಧ ಎಂದು ಚೀಟಿ ಎತ್ತಿ ತೀರ್ಮಾನಿಸುತ್ತಾರಂತೆ. ಬಂದ ಪಕ್ಷವನ್ನು ಪ್ರಾಣ ಹೋದರೂ ಬಿಡಬಾರದಂತೆ.

"ನಂಬದೇ ಇರೋದನ್ನ ಇಷ್ಟು ಚೆನ್ನಾಗಿ ಹೇಳೋಕೆ ಕಲಿಸ್ತಾರಾ ಇಲ್ಲಿ? ಅದಕ್ಕಾ ಸರ್ಕಾರ ದುಡ್ಡು ಸುರಿಯೋದು?"

ಸಿಟ್ಟಿನಿಂದ ಕೇಳಿದ್ದೆ. ಅವಳು ನಕ್ಕುಬಿಟ್ಟಳು. "ಈ ಮಾತು ನಾನು ಉಪಯೋಗಿಸ್ಕೊಳ್ಳಲಾ? ನೀವು ನಂಬೋರು ತಾನೇ, ಇನ್ನೂ ಏನೇನು ಹೇಳ್ತೀರಿ ಹೇಳಿ. ನಂಬೋರ ಹೊಟ್ಟೆಯೊಳಗೆ ಏನಿರುತ್ತೆ ಅಂತ ಗೊತ್ತಾಗದೆ ನನ್ನ ಭಾಷಣ ಸಪ್ಪೆ ಆಗಿದೆ."

ನನ್ನ ಹೊಟ್ಟೆಯೊಳಗೆ ಏನಿದೆ ಎಂದು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಹೇಳಿದೆ. "ನಾನು ಒಂದು ಸೋಪು ಕೊಂಡ್ರೂ ತೆರಿಗೆ ಕಟ್ತೀನಿ, ಒಂದು ಪೊಟ್ಟಣ ಮೊಳೆ ಕೊಂಡ್ರೂ ಕಟ್ತೀನಿ. ಆ ದುಡ್ಡಲ್ಲಿ ಒಬ್ಬ ಓದ್ತಾನೆ. ಓದಿ ಕೌಂಟರ್ ಹಿಂದೆ ಕೂರ್ತಾನೆ. ನಾನು ಏನೋ ಕೆಲಸಕ್ಕೆ ಹೋದ್ರೆ ಮುಖ ಎತ್ತಿ ನೋಡದೆ ನಾಳೆ ಬಾ ಅಂತಾನೆ. ಓದದೇ ಇದ್ದೋನು ಓದಿದೋನಿಗೆ ಕೊಟ್ಟ. ಸರಿ. ಓದಿದೋನು ಓದದೇ ಇದ್ದೋನಿಗೆ ವಾಪಸ್ ಏನು ಕೊಟ್ಟ? ಇದಕ್ಕೆ ಉತ್ತರ ಹೇಳಿ ನೋಡೋಣ."

ಅವಳು ಕಾಲಾಡಿಸುವುದನ್ನು ನಿಲ್ಲಿಸಿದಳು. "ಗೊತ್ತಿಲ್ಲ" ಅಂದಳು.

ಅವಳಿಗೆ ನಾನು ವಕೀಲಮ್ಮ ಎಂದು ಹೆಸರಿಟ್ಟೆ. ಆ ವಾರವೇ ಸ್ಪರ್ಧೆ ನಡೆಯಿತು. ಮಾರನೆಯ ದಿನ ನಾನು ಕೆಲಸ ಮಾಡುತ್ತಿದ್ದಲ್ಲಿಗೇ ಬಂದಳು.

"ಸ್ಪರ್ಧೇಲಿ ನಿಮ್ಮ ಪ್ರಶ್ನೆನೇ ಕೇಳಿದೆ."

"ಎದುರು ಪಕ್ಷದವರು ಏನಂದ್ರು?"

"ಬೇರೆ ವಿಷಯಕ್ಕೆ ಹಾರಿದ್ರು. ನಾನೇ ಗೆದ್ದೆ." ಗೆದ್ದವಳ ಮುಖ ಇರಬೇಕಾದ ಹಾಗೆ ಇರಲಿಲ್ಲ. "ಉತ್ತರ ಇದ್ದೇ ಇರಬೇಕು ಅಂತ ಕಾಯ್ತಾ ಇದ್ದೆ, ಗೊತ್ತಾ. ನನಗೋಸ್ಕರ."

ಅವಳು ಹೋದ ಮೇಲೆ ನನಗೆ ಕೆಲಸ ಸಾಗಲಿಲ್ಲ. ಅಷ್ಟು ವರ್ಷ ಆ ಪ್ರಶ್ನೆಯನ್ನು ನಾನು ಕಲ್ಲಿನ ಹಾಗೆ ಎಸೆಯುತ್ತಿದ್ದೆ. ಎಸೆದ ಕಲ್ಲು ಎಲ್ಲಿ ಬಿತ್ತು, ಯಾರಾದರೂ ಎತ್ತಿಕೊಂಡರೇ ಎಂದು ಹೋಗಿ ನೋಡಿರಲಿಲ್ಲ. ಇಷ್ಟು ದೊಡ್ಡ ಕಟ್ಟಡದಲ್ಲಿ, ಇಷ್ಟು ಜನ ಓದಿದವರ ನಡುವೆ, ಅದಕ್ಕೆ ಉತ್ತರ ಇಲ್ಲವೆಂದರೆ ಏನರ್ಥ? ನಾನು ಹೇಳುವುದು ಸರಿಯೆಂದೋ, ಅಥವಾ ಪ್ರಶ್ನೆ ಸರಿಯಾದವರ ಕೈಗೆ ಇನ್ನೂ ಸಿಕ್ಕಿಲ್ಲವೆಂದೋ? ರೆಕ್ಸಿನ್ನಿನ ಒಂದು ಕಂದು ಚೂರನ್ನೂ ಒಂದು ಹಸಿರು ಚೂರನ್ನೂ ಒಂದೇ ಅಳತೆಗೆ ಕತ್ತರಿಸಿ ಜೇಬಿಗೆ ಹಾಕಿಕೊಂಡು ಮನೆಗೆ ಹೋದೆ.

ನಮ್ಮ ಸಲೂನು ಈಗ ಮನೆಯ ಮುಂದಿನ ಕೋಣೆಯಲ್ಲೇ ಇದೆ. ಎರಡು ತಿರುಗುವ ಕುರ್ಚಿ, ಎದುರಿಗೆ ಗೋಡೆಯುದ್ದ ಕನ್ನಡಿ. ಹಿಂದಿನ ಬಾಗಿಲು ದಾಟಿದರೆ ಅಡುಗೆಮನೆ. ಅವತ್ತು ಸಲೂನಿಗೆ ವಾರದ ರಜೆ, ಷಟರ್ ಅರ್ಧ ಇಳಿದಿತ್ತು. ಅಮ್ಮ ಸಲೂನಿನ ಟವೆಲುಗಳನ್ನು ಒಗೆದು ಹರವಿ ಬಂದು ಒಲೆಯ ಮೇಲೆ ಕುಕ್ಕರ್ ಇಟ್ಟಿದ್ದಳು. ಅಪ್ಪ ಗಿರಾಕಿಯ ಕುರ್ಚಿಯಲ್ಲಿ ಕೂತು ತನ್ನ ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಳ್ಳುತ್ತಿದ್ದ. ಕೂದಲು ಬೆಳೆದಿತ್ತು. ಬೀದಿಯ ತಿರುವಿನಲ್ಲಿರುವ ಇನ್ನೊಂದು ಸಲೂನಿನವನ ಹತ್ತಿರ ಹೋಗುವ ದಿನ ಹತ್ತಿರ ಬಂತು ಎಂದರ್ಥ. ಆ ಮನುಷ್ಯನಿಗೂ ಅಪ್ಪನಿಗೂ ಯಾವುದೋ ಕಾಲದ ಜಗಳ, ಮಾತಿಲ್ಲ ಕತೆಯಿಲ್ಲ. ಆದರೂ ತಿಂಗಳಿಗೊಮ್ಮೆ ಅಪ್ಪ ಅಲ್ಲಿ ಹೋಗಿ ಸುಮ್ಮನೆ ಕೂರುತ್ತಾನೆ, ಅವನು ಸುಮ್ಮನೆ ಕತ್ತರಿಸುತ್ತಾನೆ. ಅವನು ನಮ್ಮಲ್ಲಿಗೆ ಬಂದಾಗಲೂ ಹಾಗೇ. ಕತ್ತರಿ ಹಿಡಿದವರು ಕತ್ತರಿ ಹಿಡಿದವರ ಹತ್ತಿರ ದುಡ್ಡು ಮುಟ್ಟುವುದಿಲ್ಲ. ಅದು ಅವರ ಕಸುಬಿನ ಕ್ರಮ.

"ಅಪ್ಪ, ಒಂದು ಆಟ ಆಡೋಣ" ಅಂದೆ. ಚೀಟಿಯ ವಿಷಯ ಹೇಳಿದೆ. ಹಸಿರು ಬಂದವರು ಸರ್ಕಾರ ಕೊಡಬೇಕು ಎನ್ನಬೇಕು, ಕಂದು ಬಂದವರು ಕೊಡಬಾರದು ಎನ್ನಬೇಕು. ಅಪ್ಪನಿಗೂ ತಂಗಿಗೂ ವಾದ. ತೀರ್ಪು ನನ್ನದು.

ವಾದ ಎಂದರೆ ಅಪ್ಪನಿಗೆ ಹಬ್ಬದೂಟ. ಕುರ್ಚಿಯನ್ನು ಗರ್ರನೆ ನನ್ನ ಕಡೆ ತಿರುಗಿಸಿದ. "ಬರೀ ಆಟ ಯಾಕೋ? ತೀರ್ಪಿನ ಹಾಗೇ ನಡೀಬೇಕು. ಇವಳ ಕಾಲೇಜಿನ ವಿಷಯ ಇವತ್ತಿಗೆ ಮುಗಿದುಹೋಗ್ಲಿ. ಆಮೇಲೆ ಯಾರೂ ಮೂಗು ಒರೆಸ್ಕೊಳ್ಳೋ ಹಾಗಿಲ್ಲ. ಏನಮ್ಮಾ?"

ತಂಗಿ ಬಾಗಿಲಿಗೆ ಒರಗಿ ನಿಂತಿದ್ದಳು. "ಆಗ್ಲಿ" ಅಂದಳು. ಬೆರಳುಗಳು ದುಪಟ್ಟದ ಅಂಚನ್ನು ಸುತ್ತಿ ಬಿಚ್ಚುತ್ತಿದ್ದವು.

ಅಮ್ಮ ಶೇವಿಂಗ್ ಬಟ್ಟಲಿಗೆ ಎರಡೂ ಚೂರು ಹಾಕಿ, ಟವೆಲು ಮುಚ್ಚಿ ಹಿಡಿದಳು. ಅಪ್ಪ ಕಣ್ಣು ಮುಚ್ಚಿ ಕೈ ಹಾಕಿದ. ಬಂದದ್ದು ಹಸಿರು.

"ಏ, ಇದು ನನ್ನದಲ್ಲ. ಇನ್ನೊಂದು ಸಲ."

"ಎತ್ತಿದ್ದು ಯಾರ ಕೈ? ನಿಮ್ಮದೇ ತಾನೇ? ಸುಮ್ಮನೆ ಕೂತ್ಕೊಳ್ರಿ" ಅಂದಳು ಅಮ್ಮ. "ಒಂದು ಸೀಟಿ ಆಗೋವರೆಗೂ ಒಬ್ಬರ ಮಾತು. ಸೀಟಿ ಆಯ್ತು ಅಂದ್ರೆ ಮುಗೀತು." ಆಮೇಲೆ ನನ್ನ ಕಡೆ ತಿರುಗಿದಳು. "ನೀನು ಮಧ್ಯೆ ಬಾಯಿ ಹಾಕದೆ ಇರೋನಲ್ಲ. ನಿನ್ನ ಮೊಳೆ ಎಲ್ಲಿ? ಹಾಕ್ಕೋ ಬಾಯಿಗೆ."

ಹೀಗೆ, ತೀರ್ಪುಗಾರ ಕೆನ್ನೆ ತುಂಬ ಮೊಳೆ ತುಂಬಿಕೊಂಡು ಎರಡನೆಯ ಕುರ್ಚಿಯಲ್ಲಿ ಕೂತ.

ನನಗೆ ಒಳಗೊಳಗೇ ನಗು. ತಂಗಿಗೆ ಕಂದು ಬಂದಿದೆ. ಅವಳು ಸೋತರೆ ಕಾಲೇಜು. ಸೋಲುವುದು ಏನು ಮಹಾ? ಎರಡು ಸಲ ತಡವರಿಸಿದರೆ ಆಯಿತು. ನನಗೆ ಅದು ಇಷ್ಟವೋ ಇಲ್ಲವೋ ಎಂದು ನನಗೇ ತಿಳಿಯಲಿಲ್ಲ.

ಅಪ್ಪ ಎದ್ದು ನಿಂತು ಕನ್ನಡಿಗೆ ಮುಖ ಮಾಡಿದ. ಎದುರಿಗೆ ತಲೆಯಿಲ್ಲದೆ ಅವನಿಗೆ ಮಾತು ಬರುವುದಿಲ್ಲ; ನನ್ನ ಹಿಂದೆ ಬಂದು ನನ್ನ ತಲೆಯ ಮೇಲೆ ಕೈಯಿಟ್ಟ.

"ಸರ್ಕಾರ ಕೊಡಬೇಕು. ಯಾಕಂದ್ರೆ... ಯಾಕೆ ಕೊಡಬಾರದು? ಈಗ ನೋಡಿ, ನಮ್ಮ ಅಂಗಡಿ ಮುಂದೆ ರಸ್ತೆ ಇದೆ. ನಾನು ಹಾಕಿಸಿದ್ನಾ? ಗಿರಾಕಿ ಅದರ ಮೇಲೆ ತಾನೇ ಬರೋದು? ಯಾರದೋ ದುಡ್ಡು ಅದು. ಇವಳಮ್ಮ ಜಾರಿಬಿದ್ದಾಗ ಆಸ್ಪತ್ರೇಲಿ ಕಾಲು ಕಟ್ಟಿದ ಡಾಕ್ಟ್ರು ಯಾರ ದುಡ್ಡಲ್ಲಿ ಓದಿದ್ರೋ ಯಾರು ಬಲ್ರು! ಕಾಲಂತೂ ನೆಟ್ಟಗಾಯ್ತು. ಡಾಕ್ಟ್ರು ಬಡವರ ಮಗ ಆಗಿದ್ದು, ಓದೋಕೆ ಆಗದೆ ಮನೇಲಿ ಕೂತಿದ್ದಿದ್ರೆ? ಇವತ್ತು ಇವಳಮ್ಮ ಕುಂಟ್ತಾ ಇರ್ತಿದ್ಲು." ತನ್ನ ಬಾಯಿಂದ ಬಂದ ಮಾತು ಅವನಿಗೇ ರುಚಿಸಿದಂತಿತ್ತು. ಕೈ ನನ್ನ ತಲೆಯ ಮೇಲೆ ಬಾಚಣಿಗೆಯ ಹಾಗೆ ಓಡಾಡತೊಡಗಿತು. ಇನ್ನೇನೋ ಹೇಳಲು ಉಸಿರೆಳೆದುಕೊಂಡ, ಕುಕ್ಕರ್ ಕೂಗಿತು.

ತಂಗಿ ಬಾಗಿಲು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು.

"ರಸ್ತೆ ಎಲ್ಲರದು. ಅಪ್ಪನೂ ನಡೀತಾನೆ, ಮಂತ್ರಿನೂ ನಡೀತಾನೆ, ನಾಯಿನೂ ನಡೆಯುತ್ತೆ. ಕಾಲೇಜು ಹಾಗಲ್ಲ. ಅದಕ್ಕೆ ಬಾಗಿಲಿದೆ. ಒಳಗೆ ಹೋದೋರು ಹೋದ್ರು, ಉಳಿದೋರು ಹೊರಗೆ. ಹೊರಗೆ ಉಳಿದೋರು ಯಾರು? ನಮ್ಮಣ್ಣ."

ನಾಲಿಗೆಯ ಕೆಳಗೆ ಒಂದು ಮೊಳೆ ಚುಚ್ಚಿತು.

"ನಮ್ಮಣ್ಣ ಹದಿನಾಲ್ಕಕ್ಕೇ ಸುತ್ತಿಗೆ ಹಿಡಿದ. ಅವನಿಗೆ ಓದೋಕೆ ಇಷ್ಟ ಇತ್ತಾ ಅಂತ ಯಾರಾದ್ರೂ ಕೇಳಿದ್ರಾ? ಇವತ್ತು ಅವನು ಸೋಪು ಕೊಂಡ್ರೆ, ಮೊಳೆ ಕೊಂಡ್ರೆ, ಅದರಲ್ಲಿ ನನ್ನ ಶುಲ್ಕ ಇರುತ್ತೆ. ನಾನು ಮೆತ್ತಗಿರೋ ಕುರ್ಚಿ ಮೇಲೆ ಕೂತು ಓದ್ತೀನಿ. ಆ ಕುರ್ಚಿನೂ ಅವನೇ ಮಾಡಿದ್ದು. ಓದಿ ಮುಗಿಸಿ ಯಾವುದೋ ಕೌಂಟರ್ ಹಿಂದೆ ಕೂರ್ತೀನಿ. ಒಂದು ದಿನ ಅಣ್ಣ ಬಂದು ಎದುರಿಗೆ ನಿಲ್ತಾನೆ. ನಾನು ಮುಖ ಎತ್ತಲ್ಲ. ನಾಳೆ ಬಾ ಅಂತೀನಿ. ಆ ಮಾತನ್ನೂ ಅಣ್ಣನ ದುಡ್ಡಲ್ಲೇ ಕಲಿತಿರ್ತೀನಿ."

ಅವಳ ಧ್ವನಿ ಏರಲೇ ಇಲ್ಲ. ದಿನಾ ಊಟದ ಹೊತ್ತಿಗೆ ನಾನು ಕೂಗಾಡಿದ್ದೆಲ್ಲ ಅವಳೊಳಗೆ ಒಂದೂ ಬಿಡದೆ ಶೇಖರವಾಗಿತ್ತು. ನನ್ನ ಬಾಯಲ್ಲಿ ಬರೀ ಸದ್ದಾಗಿದ್ದದ್ದು ಅವಳ ಬಾಯಲ್ಲಿ ಮಾತಾಗಿತ್ತು. ಕುಕ್ಕರ್ ಕೂಗಿತು.

ಉತ್ತರ ಕೊಡುವ ಸರದಿ ಅಪ್ಪನದು. ಕನ್ನಡಿಯಲ್ಲಿ ಅವನ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು, ಸಿಕ್ಕಿದ್ದೇ ಪಕ್ಕಕ್ಕೆ ಸರಿಯಿತು. ನನ್ನ ತಲೆಯ ಮೇಲಿದ್ದ ಕೈ ಹಾಗೇ ನಿಂತಿತು. "ಅದು... ಹಾಗಲ್ಲ ಅದು. ಅವನು... ಆ ವರ್ಷ..." ಅಂದ. ನಾನು ಕಾದೆ. ನಿಜವಾಗಿಯೂ ಕಾದೆ, ಆ ಪ್ರಶ್ನೆಗೆ ಏನಾದರೂ ಹೇಳಲಿ ಎಂದು ಅಷ್ಟು ಆಸೆಯಿಂದ ನಾನು ಯಾರ ಮುಖವನ್ನೂ ನೋಡಿರಲಿಲ್ಲ. ಕುಕ್ಕರ್ ಕೂಗಿಬಿಟ್ಟಿತು.

"ಮೋಸ! ನನ್ನ ಸಲಕ್ಕೆ ಉರಿ ಜಾಸ್ತಿ ಮಾಡಿದೀಯ!"

"ಹೂಂ, ಇಲ್ಲಿಂದಲೇ ಒಲೆವರೆಗೆ ಕೈ ಚಾಚಿ ಮಾಡಿದೆ" ಅಂದಳು ಅಮ್ಮ. "ತೀರ್ಪು ಹೇಳೋ."

ಮೊಳೆಗಳನ್ನು ಒಂದೊಂದಾಗಿ ಅಂಗೈಗೆ ತೆಗೆದೆ. ಸುಳ್ಳು ಹೇಳಬಹುದಿತ್ತು. ಅಪ್ಪ ಗೆದ್ದ ಅಂದರೆ ತಂಗಿ ಕಾಲೇಜಿಗೆ. ಆದರೆ ಅವಳು ನನ್ನನ್ನೇ ನೋಡುತ್ತಿದ್ದಳು, ಸುಳ್ಳು ಹೇಳಿದರೆ ನೋಡು ಎನ್ನುವ ಹಾಗೆ.

"ತಂಗಿ" ಅಂದೆ.

ಅವಳು ತಲೆಯಾಡಿಸಿ, ಅಡುಗೆಮನೆಗೆ ಹೋಗಿ ತಟ್ಟೆಗಳನ್ನು ಇಡತೊಡಗಿದಳು. ಹಿಂದೆಯೇ ಹೋದೆ. "ನಿನಗೆ ತಲೆ ಕೆಟ್ಟಿದೆಯೇನೆ? ಸೋಲೋಕೆ ಆಗ್ತಿರಲಿಲ್ವಾ?"

"ಸೋಲೋಣ ಅಂತಲೇ ನಿಂತೆ. ಶುರು ಮಾಡಿದ ಮೇಲೆ ನಿಲ್ಲಿಸೋಕೆ ಆಗ್ಲಿಲ್ಲ. ನೀನು ದಿನಾ ಹೇಳೋದು ಸರಿ ಅಲ್ವಾ?" ಒಂದು ತಟ್ಟೆಯನ್ನು ಮತ್ತೆ ಮತ್ತೆ ಒರೆಸಿದಳು. "ಜೆರಾಕ್ಸ್ ಅಂಗಡಿಯವನಿಗೆ ಬರ್ತೀನಿ ಅಂತ ಹೇಳು."

ಹೋಗಿ ಹೇಳಲು ನನಗೆ ಮನಸ್ಸು ಬರಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ತಳ್ಳಿದೆ. ನನ್ನ ಪ್ರಶ್ನೆ ಎರಡನೆಯ ಸಲ ಗೆದ್ದಿತ್ತು. ಗೆದ್ದು ಬಂದು ಮನೆಯ ಮಧ್ಯೆ ಕೂತಿತ್ತು.

ಆದರೆ ನಮ್ಮ ಅಪ್ಪನ ವಿಷಯದಲ್ಲಿ ನಾವು ಒಂದು ತಪ್ಪು ಮಾಡಿದ್ದೆವು. ಸೋತದ್ದನ್ನು ಆ ಮನುಷ್ಯ ಒಪ್ಪಿಕೊಂಡ ದಿನವೇ ಇಲ್ಲ ಎಂಬುದನ್ನು ಮರೆತಿದ್ದೆವು. ಅಂಥವನ ಕೈಗೆ ಒಂದು ಪಕ್ಷ ಕೊಟ್ಟು ಸೋಲಿಸಿದ್ದೆವು.

ಮಾರನೆಯ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಪಕ್ಕದಲ್ಲಿ ಬಂದು ನಿಂತ. "ಒಂದು ಮಾತು ಮರೆತಿದ್ದೆ ಕಣೋ. ಬೆಂಕಿ ಆರಿಸೋ ವಾಹನ. ನಿನ್ನ ಮನೆಗೆ ಬೆಂಕಿ ಬಿದ್ದಿಲ್ಲ ಅಂತ ಅದಕ್ಕೆ ದುಡ್ಡು ಕೊಡಲ್ಲ ಅಂತೀಯಾ?" ಬಾಯಿ ತುಂಬ ನೊರೆ, ಹೂಂ ಎನ್ನುವುದಕ್ಕೂ ಆಗಲಿಲ್ಲ. ಸಂಜೆ ಬಂದರೆ ಸಲೂನಿನಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿಯನ್ನು ಕೂರಿಸಿಕೊಂಡು ಸರ್ಕಾರ ಯಾಕೆ ಕೊಡಬೇಕು ಎಂದು ವಿವರಿಸುತ್ತಿದ್ದ. "ಹೋದ ವಾರ ಕೊಡಬಾರದು ಅಂತಿದ್ದೆಯಲ್ಲ?" ಅಂದ ಗಿರಾಕಿ. "ಹೋದ ವಾರ ನಿನ್ನ ಗಡ್ಡ ಎಷ್ಟುದ್ದ ಇತ್ತು? ಇವತ್ತು ಎಷ್ಟಿದೆ? ಸುಮ್ಮನೆ ಕೂತ್ಕೋ" ಅಂದ ಅಪ್ಪ. ಎದುರಾಡಿದವರ ಮಾತನ್ನು ರಾತ್ರಿ ಊಟಕ್ಕೆ ತಂದು, ಅದಕ್ಕೆ ತಕ್ಕ ಜವಾಬು ಹೊಳೆಯುವವರೆಗೆ ಅನ್ನ ಕಲಸುತ್ತಲೇ ಇರುತ್ತಿದ್ದ. ಅಮ್ಮ ನನ್ನ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದಳು. ತಂಗಿ ಮಾತ್ರ ನಗುತ್ತಿರಲಿಲ್ಲ. ಒಂದು ಸಲ ಕೇಳಿಯೇಬಿಟ್ಟಳು: "ಅಣ್ಣನ ಪ್ರಶ್ನೆಗೆ ಏನು ಹೇಳ್ತೀಯಪ್ಪ?" ಅಪ್ಪ ಎದ್ದು ಕೈ ತೊಳೆಯಲು ಹೋದ.

ತಿಂಗಳ ಕೊನೆಯ ದಿನ ಬಂತು. ನಾನು ಸಭಾಂಗಣದ ಮುಂದಿನ ಸಾಲಿನಲ್ಲಿದ್ದೆ. ಕೆಲಸ ಮುಗಿಯುತ್ತ ಬಂದಿತ್ತು. ವಕೀಲಮ್ಮ ವೇದಿಕೆಯ ಮೆಟ್ಟಿಲ ಮೇಲೆ ಏನೋ ಓದುತ್ತ ಕೂತಿದ್ದಳು. ಬಾಗಿಲು ದಡಾರನೆ ತೆರೆಯಿತು. ಅಪ್ಪ. ಹಿಂದೆ ತಂಗಿ, ಎಳೆಸಿಕೊಂಡು ಬಂದವಳ ಹಾಗೆ. ಅಪ್ಪ ಆಗಷ್ಟೇ ಕೂದಲು ಕತ್ತರಿಸಿಕೊಂಡು ಬಂದಿದ್ದ, ಕತ್ತಿನ ಹಿಂದೆ ಪೌಡರಿನ ಬಿಳಿ ಇನ್ನೂ ಹೋಗಿರಲಿಲ್ಲ.

"ಸಿಕ್ತು ಕಣೋ!" ಎಂದು ಅಲ್ಲಿಂದಲೇ ಕೂಗಿದ. "ಬಾಯಲ್ಲಿ ಮೊಳೆ ಇದೆ ತಾನೇ? ಇರ್ಲಿ. ಕೇಳು."

ಇತ್ತು. ಕೇಳಿದೆ.

"ತಿರುವಿನವನ ಹತ್ರ ಹೋಗಿದ್ದೆ. ತಲೆ ಒಳಗೆ ಇದೇ ಕುದೀತಾ ಇತ್ತು, ಬಾಯಿ ತಪ್ಪಿ ಹೊರಗೆ ಬಂತು. ಇಷ್ಟು ವರ್ಷಕ್ಕೆ ಮೊದಲ ಸಲ ಆ ಮುಂಗೋಪಿ ನನ್ನ ಹತ್ರ ಮಾತಾಡಿದ. ಕತ್ತಿ ಕುತ್ತಿಗೆ ಮೇಲಿಟ್ಟು ಅಂತಾನೆ, 'ಜನ್ಮದಲ್ಲಿ ಬಿಟ್ಟಿ ಮುಟ್ಟಿಲ್ಲ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತೀಯಲ್ಲ, ಹಾಗಾದ್ರೆ ನಾನು ನಿನಗೆ ಮಾಡ್ತಿರೋದು ಏನು?' ಅಂತ." ಅಪ್ಪ ತನ್ನ ಹಿಂದಲೆಯನ್ನು ಮುಟ್ಟಿ ತೋರಿಸಿದ. "ಈ ಜಾಗ ನನ್ನ ಕಣ್ಣಿಗೆ ಕಾಣಲ್ಲ, ನನ್ನ ಕತ್ತರಿಗೆ ಸಿಗಲ್ಲ. ಎಂಥಾ ಕೈಚಳಕ ಇದ್ರೂ ಇನ್ನೊಬ್ಬರು ಬೇಕು. ಅದು ಬಿಟ್ಟಿ ಅಲ್ಲ ಕಣೋ. ಸರದಿ. ಇವತ್ತು ಅವನು ನಿಲ್ತಾನೆ, ನಾನು ಕೂರ್ತೀನಿ. ನಾಳೆ ನಾನು ನಿಲ್ತೀನಿ. ಸರ್ಕಾರ ಅಂದ್ರೆ ಅಷ್ಟೇ, ಸರದಿ ನೋಡಿ ಕೂರಿಸೋದು."

ಮೊಳೆ ತೆಗೆದೆ. ಅಂಗೈ ಸಾಲದೆ ಒಂದೆರಡು ನೆಲಕ್ಕೆ ಬಿದ್ದವು. "ನಿನಗೂ ಅವನಿಗೂ ಸರದಿ ಬರುತ್ತೆ. ನನಗೆ ಯಾವಾಗ ಬಂತು? ನಾನು ನಿಂತೇ ಇದೀನಲ್ಲ."

ವಕೀಲಮ್ಮ ಪುಸ್ತಕ ಮುಚ್ಚಿದ್ದಳು.

"ಹೌದು" ಅಂದ ಅಪ್ಪ. ಮೊದಲ ಸಲ ಅವನ ದನಿ ಇಳಿಯಿತು. "ನಿನ್ನ ಸರದಿ ತಪ್ಪಿತು. ಯಾರೂ ಕರೀಲಿಲ್ಲ, ನಾನೂ ಕರೀಲಿಲ್ಲ. ಅದಕ್ಕೆ ನನ್ನ ಹತ್ರ ಜವಾಬು ಇಲ್ಲ. ಅವತ್ತೂ ಇರಲಿಲ್ಲ, ಇವತ್ತೂ ಇಲ್ಲ. ನೀನು ಸಿಟ್ಟು ಮಾಡ್ಕೋ, ಅದು ನಿನ್ನದು. ಆದ್ರೆ ಒಬ್ಬನ ಸರದಿ ತಪ್ಪಿತು ಅಂತ ಅಂಗಡಿ ಬಾಗಿಲು ಹಾಕೋಕಾಗುತ್ತಾ?"

ಅದು ನಾನು ಹುಡುಕುತ್ತಿದ್ದ ಉತ್ತರವಾಗಿರಲಿಲ್ಲ, ಅರ್ಧ ಉತ್ತರ. ಆದರೆ ಪ್ರಶ್ನೆಯನ್ನು ಎತ್ತಿಕೊಂಡು ಇಷ್ಟು ದಿನ ಹೊತ್ತು ತಿರುಗಿದವನು ಈ ಮನುಷ್ಯ ಒಬ್ಬನೇ.

"ಆದ್ರೆ ಅಪ್ಪ, ತೀರ್ಪು ನನ್ನ ಕಡೆ ಬಂದಿತ್ತು" ಅಂದಳು ತಂಗಿ. "ಅದರ ಹಾಗೇ ನಡೀಬೇಕು ಅಂತ ನೀನೇ ಹೇಳಿದ್ದೆ."

"ತೀರ್ಪು ಯಾರು ಚೆನ್ನಾಗಿ ಮಾತಾಡಿದ್ರು ಅಂತ. ಯಾರು ಸರಿ ಅಂತ ಅಲ್ಲ. ಆ ತೀರ್ಪುಗಾರನಿಗೆ ಏನು ಗೊತ್ತು, ಕುರ್ಚಿ ರಿಪೇರಿ ಮಾಡೋನು!" ಅಪ್ಪನ ದನಿ ಮತ್ತೆ ತನ್ನ ಎತ್ತರಕ್ಕೆ ಹೋಗಿತ್ತು. "ನನ್ನ ಪಾಲಿಗೆ ಬಂದ ಪಕ್ಷ ಬಿಟ್ಟು ಓಡೋ ಜಾತಿ ಅಲ್ಲ ನಾನು. ಕಚೇರಿ ಎಲ್ಲಮ್ಮಾ?" ವಕೀಲಮ್ಮ ಕೈ ತೋರಿಸಿದಳು. ಅವನು ಹೊರಟೇಹೋದ.

ತಂಗಿ ಎರಡು ಹೆಜ್ಜೆ ಹೋದವಳು ತಿರುಗಿ ಬಂದಳು. "ಅಣ್ಣ, ನಾನು ಯಾವುದಾದ್ರೂ ಕೌಂಟರ್ ಹಿಂದೆ ಕೂತ ದಿನ ನೀನು ಬಾ. ಮುಖ ಎತ್ತುತ್ತೀನೋ ಇಲ್ವೋ ನೋಡು."

"ನೋಡ್ತೀನಿ" ಅಂದೆ. "ನಾಳೆ ಬಾ ಅಂದ್ರೆ ಕೌಂಟರ್ ಹತ್ತಿ ಒಳಗೆ ಬರ್ತೀನಿ."

"ಗೊತ್ತು" ಎಂದು ಓಡಿದಳು.

ಬಿದ್ದ ಮೊಳೆಗಳನ್ನು ಆರಿಸಿದೆ, ಒರೆಸಿ ಬಾಯಿಗೆ ಹಾಕಿಕೊಂಡೆ. ಒಂದು ಸೀಟು ಮುಗಿಯುವಷ್ಟರಲ್ಲಿ ತಂಗಿ ಏದುಸಿರು ಬಿಡುತ್ತ ಮತ್ತೆ ಬಂದಳು. ಮುಖದಲ್ಲಿ ನಗು ತಡೆಯಲಾಗುತ್ತಿಲ್ಲ. "ಆಯ್ತು ಅಣ್ಣ, ಸೇರಿಸ್ಕೊಂಡ್ರು. ಆದ್ರೆ ಅಪ್ಪ ಬರ್ತಾನೇ ಇಲ್ಲ. ಗುಮಾಸ್ತರ ಮುಂದೆ ನಿಂತು, ಇದು ಬಿಟ್ಟಿ ಅಲ್ಲ ಸ್ವಾಮಿ ಅಂತ ವಾದ ಮಾಡ್ತಿದಾನೆ. ಅವರು, ನಾನೆಲ್ಲಿ ಬಿಟ್ಟಿ ಅಂದೆ ಅಂತ ಅಂಗಲಾಚ್ತಿದಾರೆ. ಬಂದು ಕರ್ಕೊಂಡು ಹೋಗು."

ಮೊಳೆ ತೆಗೆಯಲು ಬೇಸರವಾಗಿ ಹಾಗೇ ಎದ್ದು ನಡೆದೆ. ಇಷ್ಟು ದಿನ ಸಭಾಂಗಣದ ಪಕ್ಕದ ಬಾಗಿಲಿನಿಂದ ಬಂದು ಅದೇ ಬಾಗಿಲಿನಿಂದ ಹೋಗುತ್ತಿದ್ದ ನಾನು, ಕಾಲೇಜಿನ ಒಳಗಿನ ಮೊಗಸಾಲೆಗೆ ಕಾಲಿಟ್ಟಿದ್ದು ಅದೇ ಮೊದಲು. ಎರಡೂ ಕಡೆ ಕೋಣೆಗಳು. ಕೊನೆಯಿಂದ ಅಪ್ಪನ ದನಿ ಕೇಳಿಸುತ್ತಿತ್ತು. ಹತ್ತಿರದ ಒಂದು ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಹಿಂದಿನ ಬೆಂಚಿನಿಂದ ಯಾರೋ ಕೇಳಿದರು: "ಮೇಡಂ, ಬೆಳಕು ಗಾಜಿನೊಳಗೆ ಹಾಯುತ್ತೆ, ಮರದೊಳಗೆ ಯಾಕೆ ಹಾಯಲ್ಲ? ಎರಡೂ ಗಟ್ಟಿನೇ ತಾನೇ?"

ನಾನು ನಿಂತೆ. ಅಷ್ಟು ವರ್ಷ ಮರದ ಚೌಕಟ್ಟಿಗೆ ಮೊಳೆ ಹೊಡೆದಿದ್ದೇನೆ, ಅಪ್ಪನ ಗಾಜಿನ ಕನ್ನಡಿಯ ಮುಂದೆ ಬೆಳೆದಿದ್ದೇನೆ. ಅದು ಒಂದು ದಿನವೂ ನನಗೆ ತೋಚಿರಲಿಲ್ಲ.

"ಒಳ್ಳೆ ಪ್ರಶ್ನೆ" ಅಂದರು ಮೇಡಂ. "ನಿಮಗೆ ಯಾಕೆ ಅಂತ ಅನ್ಸುತ್ತೆ?"

ತಂಗಿ ನನ್ನ ಅಂಗಿಯ ತೋಳು ಹಿಡಿದು ಎಳೆದಳು. "ಅಣ್ಣ, ಬಾರೋ, ಅಪ್ಪ ಗುಮಾಸ್ತರ ಮೇಜು ಗುದ್ದೋಕೆ ಶುರು ಮಾಡಿದಾನೆ."

ಬಾಯಲ್ಲಿ ಮೊಳೆ. ಅಂಗೈ ಎತ್ತಿ ಅವಳ ಮುಖದ ಮುಂದೆ ಹಿಡಿದೆ: ಸ್ವಲ್ಪ ಇರು.